ತಾಯಿಯಿಂದ ಬರಬೇಕಾದ ಒಂದು ಜೀನ್

ಇಟಲಿಯ ವೆರೋನಾ ನಗರದ ಕಾಸ್ತೆಲ್‌ವೆಕ್ಕಿಯೊ ವಸ್ತುಸಂಗ್ರಹಾಲಯದಲ್ಲಿ 16ನೇ ಶತಮಾನದ ಕಲಾವಿದ ಜಿಯೊವಾನ್ನಿ ಫ್ರಾಂಚೆಸ್ಕೊ ಕರೊಟೊ ರಚಿಸಿದ ಚಿತ್ರವೊಂದಿದೆ. ಅದರಲ್ಲಿ ಬಾಲಕನೊಬ್ಬ ತಾನು ಬರೆದ ಬೊಂಬೆಯ ಚಿತ್ರವನ್ನು ಹಿಡಿದು ನಗುತ್ತಿದ್ದಾನೆ. ವೈದ್ಯಶಾಸ್ತ್ರದ ಒಂದು ಅಧ್ಯಾಯಕ್ಕೆ ಹೆಸರು ಹೊಳೆದದ್ದು ಈ ಚಿತ್ರದಿಂದ.

ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದ ಮಕ್ಕಳ ವೈದ್ಯ ಹ್ಯಾರಿ ಏಂಜಲ್‌ಮನ್ ಅವರ ಬಳಿಗೆ ಬೇರೆ ಬೇರೆ ಸಮಯದಲ್ಲಿ ಮೂವರು ಮಕ್ಕಳು ಬಂದಿದ್ದರು. ಮೂವರಿಗೂ ಮಾತು ಬಂದಿರಲಿಲ್ಲ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು. ನಡಿಗೆಯಲ್ಲಿ ತಡವರಿಕೆ, ಆಗಾಗ ಫಿಟ್ಸ್, ಜೊತೆಗೆ ಮತ್ತೆ ಮತ್ತೆ ಉಕ್ಕುವ ನಗು. ಮೂವರದೂ ಒಂದೇ ಕಾಯಿಲೆ ಎಂದು ಅವರಿಗೆ ಅನ್ನಿಸಿದರೂ ರುಜುವಾತು ಸಿಗಲಿಲ್ಲ. ಇಟಲಿಗೆ ರಜೆಯ ಮೇಲೆ ಹೋದಾಗ ಕರೊಟೊನ ಚಿತ್ರ ಕಂಡರು. 1965ರಲ್ಲಿ ‘ಬೊಂಬೆ ಮಕ್ಕಳು’ ಎಂಬ ಹೆಸರಿನಲ್ಲೇ ವರದಿ ಪ್ರಕಟಿಸಿದರು. ಹೆತ್ತವರಿಗೆ ಆ ಹೆಸರು ಹಿತವಾಗಲಿಲ್ಲ. 1982ರಲ್ಲಿ ಅಮೆರಿಕದ ವೈದ್ಯರು ಅದನ್ನು ಬಿಟ್ಟು ‘ಏಂಜಲ್‌ಮನ್ ಸಿಂಡ್ರೋಮ್’ ಎನ್ನುವಂತೆ ಸೂಚಿಸಿದರು.

ಕಾರಣದ ಸುಳಿವು ದೊರೆತದ್ದು 1987ರಲ್ಲಿ. ಈ ಮಕ್ಕಳಲ್ಲಿ 15ನೇ ವರ್ಣತಂತುವಿನ ಒಂದು ತುಣುಕೇ ಇರಲಿಲ್ಲ. ಆದರೆ ಅದರಿಂದ ಹೊಸ ಒಗಟು ಹುಟ್ಟಿತು. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ವಿವರಿಸಿದ್ದ ಪ್ರಾಡರ್-ವಿಲ್ಲಿ ಎಂಬ ಮತ್ತೊಂದು ಕಾಯಿಲೆಯಲ್ಲೂ ಇದೇ ಭಾಗ ಕಾಣೆಯಾಗಿರುತ್ತದೆ. ಅಲ್ಲಿ ಲಕ್ಷಣಗಳೇ ಬೇರೆ: ಹಸುಗೂಸಿನಲ್ಲಿ ಸ್ನಾಯುಗಳ ನಿಶ್ಶಕ್ತಿ, ಆಮೇಲೆ ಎಷ್ಟು ತಿಂದರೂ ತಣಿಯದ ಹಸಿವು. ಒಂದೇ ನಷ್ಟಕ್ಕೆ ಎರಡು ಫಲ ಹೇಗೆ? ತುಣುಕು ಕಳೆದದ್ದು ತಂದೆಯಿಂದ ಬಂದ ವರ್ಣತಂತುವಿನಲ್ಲಾದರೆ ಪ್ರಾಡರ್-ವಿಲ್ಲಿ, ತಾಯಿಯಿಂದ ಬಂದದ್ದರಲ್ಲಾದರೆ ಏಂಜಲ್‌ಮನ್ ಎಂಬುದು 1989ರ ಹೊತ್ತಿಗೆ ತಿಳಿಯಿತು.

ಕಾಣೆಯಾದ ತುಣುಕಿನಲ್ಲಿ ಹಲವು ಜೀನ್‌ಗಳಿವೆ. ಅವುಗಳಲ್ಲಿ ಮುಖ್ಯ ಕಾರಣ ಯಾವುದು? ಉತ್ತರ ಕೊಟ್ಟವರು ವರ್ಣತಂತು ಪೂರ್ತಿಯಾಗಿದ್ದೂ ಕಾಯಿಲೆಗೆ ತುತ್ತಾದ ಕೆಲವು ಮಕ್ಕಳು. ಇಂಥವರಲ್ಲಿ ಯುಬಿಇ3ಎ ಎಂಬ ಒಂದೇ ಜೀನ್ ಕೆಟ್ಟಿರುವುದನ್ನು 1997ರಲ್ಲಿ ಎರಡು ತಂಡಗಳು ತೋರಿಸಿದವು. ಜೀವಕೋಶದಲ್ಲಿ ಕೆಲಸ ಮುಗಿದ ಪ್ರೋಟೀನುಗಳಿಗೆ ವಿಲೇವಾರಿಯ ಗುರುತು ಹಚ್ಚುವುದು ಈ ಜೀನ್ ರೂಪಿಸುವ ಕಿಣ್ವದ ಕೆಲಸ.

ಸಾಮಾನ್ಯವಾಗಿ ಜೀನ್‌ನ ಒಂದು ಪ್ರತಿ ಹೋದರೆ ಇನ್ನೊಂದು ಕೆಲಸ ನಿಭಾಯಿಸಬಲ್ಲದು. ಆದರೆ ಮಿದುಳಿನ ನರಕೋಶಗಳಲ್ಲಿ ತಂದೆಯಿಂದ ಬಂದ ಯುಬಿಇ3ಎ ಪ್ರತಿ ಮೌನವಾಗಿರುತ್ತದೆ. ತಾಯಿಯಿಂದ ಬಂದದ್ದೂ ಇಲ್ಲವಾದರೆ ಅಲ್ಲಿ ಉಳಿಯುವುದು ಬಹುಪಾಲು ಶೂನ್ಯ. ಹಾಗೆಂದು ನೆರೆಯ ಜೀನ್‌ಗಳು ಲೆಕ್ಕಕ್ಕಿಲ್ಲವೆಂದಲ್ಲ. ಇಡೀ ತುಣುಕು ಕಳೆದುಕೊಂಡ ಮಕ್ಕಳಲ್ಲಿ ತೊಂದರೆ ಹೆಚ್ಚು ತೀವ್ರ. ಬಣ್ಣಕ್ಕೆ ಸಂಬಂಧಿಸಿದ ಜೀನ್ ಸಹ ಜೊತೆಗೆ ಹೋಗುವುದರಿಂದ ಅವರ ಕೂದಲು, ಚರ್ಮ ಮನೆಯವರಿಗಿಂತ ತಿಳಿಯಾಗಿರುವುದುಂಟು.

ಮೌನವಾಗಿರುವ ಪ್ರತಿ ಕೆಟ್ಟದ್ದಲ್ಲ ಎಂಬುದರಲ್ಲೇ ಭರವಸೆಯೂ ಇದೆ. ಅಮೆರಿಕದ ವಿಜ್ಞಾನಿಗಳು 2012ರಲ್ಲಿ ಇಲಿಗಳ ನರಕೋಶಗಳಲ್ಲಿ ಅದನ್ನು ಔಷಧಿಯಿಂದ ಎಚ್ಚರಿಸಿ ತೋರಿಸಿದರು. ಇದೇ ಗುರಿಯ ಬೇರೆ ಔಷಧಿಗಳು ಈಚೆಗೆ ಮಕ್ಕಳ ಮೇಲಿನ ಪರೀಕ್ಷೆಯ ಹಂತ ತಲುಪಿವೆ.

ತಾಯಿಯ ಕಡೆಯ ಜೀನ್ ಎಂದ ಮಾತ್ರಕ್ಕೆ ತಾಯಿಯ ತಪ್ಪೆಂದು ತಿಳಿಯಬಾರದು. ತುಣುಕು ಕಳಚುವುದು ಬಹುತೇಕ ಅಂಡಾಣು ರೂಪುಗೊಳ್ಳುವಾಗಿನ ಆಕಸ್ಮಿಕ. ಬಸುರಿಯಲ್ಲಿ ಆಕೆ ತಿಂದದ್ದಕ್ಕಾಗಲಿ, ಮಾಡಿದ ಕೆಲಸಕ್ಕಾಗಲಿ, ನೋಡಿದ ಗ್ರಹಣಕ್ಕಾಗಲಿ ಅದರೊಡನೆ ಸಂಬಂಧವಿಲ್ಲ.