ಕಂಬಂ ಕಣಿವೆ: ಇತಿಹಾಸ, ಹವಾಮಾನ, ಊರುಗಳು



ಬೆಂಗಳೂರು, ಮೈಸೂರು ಕಡೆಯಿಂದ ಬರುವವರು ನಮ್ಮನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ತೇವಾರಂ ಎಂದರೆ ಎಲ್ಲಿ? ಅಷ್ಟು ದೂರದಲ್ಲಿ ಕನ್ನಡ ಹೇಗೆ ಬಂತು? ಎರಡಕ್ಕೂ ಒಂದೇ ಕಡೆ ಉತ್ತರ ಇರಲಿ ಎಂದು ಈ ಪರಿಚಯವನ್ನು ಪ್ರಕಟಿಸುತ್ತಿದ್ದೇವೆ. ಇಲ್ಲಿಗೆ ಬರುವ ಮುನ್ನ ಒಮ್ಮೆ ಓದಿಕೊಂಡರೆ ಊರು ನೋಡಲು ಅನುಕೂಲವಾಗುತ್ತದೆ.

ನೆಲೆ

ತಮಿಳುನಾಡಿನ ತೇನಿ ಜಿಲ್ಲೆ ಕೇರಳದ ಇಡುಕ್ಕಿ ಜಿಲ್ಲೆಗೆ ಅಂಟಿಕೊಂಡಿದೆ. ಪಶ್ಚಿಮಕ್ಕೆ ಪಶ್ಚಿಮ ಘಟ್ಟದ ಗೋಡೆ, ಪೂರ್ವಕ್ಕೆ ಮೇಘಮಲೆ ಮತ್ತು ವರುಸನಾಡು ಬೆಟ್ಟಗಳು, ಇವೆರಡರ ನಡುವೆ ಇರುವ ಹಸಿರು ತಗ್ಗೇ ಕಂಬಂ ಕಣಿವೆ. ಮೊದಲು ಇದೆಲ್ಲವೂ ಮಧುರೈ ಜಿಲ್ಲೆಗೆ ಸೇರಿತ್ತು. 1985ರಲ್ಲಿ ದಿಂಡಿಗಲ್ ಬೇರೆ ಜಿಲ್ಲೆಯಾಯಿತು, 1997ರ ಜನವರಿಯಲ್ಲಿ ತೇನಿ ಬೇರೆಯಾಯಿತು. 2011ರ ಜನಗಣತಿಯಂತೆ ತೇನಿ ಜಿಲ್ಲೆಯ ಜನಸಂಖ್ಯೆ ಸುಮಾರು 12.46 ಲಕ್ಷ. ತೇವಾರಂ ಇರುವುದು ಉತ್ತಮಪಾಳಯಂ ತಾಲ್ಲೂಕಿನಲ್ಲಿ, ಬೆಟ್ಟದ ಬುಡದಲ್ಲೇ.

ಇತಿಹಾಸ

ಈ ಸೀಮೆ ಹಿಂದೆ ಪಾಂಡ್ಯರದು. ಚಿನ್ನಮನೂರಿನಲ್ಲಿ ಸಿಕ್ಕ ಪಾಂಡ್ಯರ ತಾಮ್ರ ಶಾಸನಗಳು ಚರಿತ್ರೆ ಓದುವವರಿಗೆಲ್ಲ ಪರಿಚಿತ. ಉತ್ತಮಪಾಳಯಂ ಪಕ್ಕದ ಬಂಡೆಯಲ್ಲಿ ಜೈನ ತೀರ್ಥಂಕರರ ಕೆತ್ತನೆಗಳಿವೆ, ಅವುಗಳ ಜೊತೆ ವಟ್ಟೆಳುತ್ತು ಲಿಪಿಯ ಬರಹವೂ ಇದೆ. ಶ್ರವಣಬೆಳಗೊಳ ನೋಡಿದವರು ಇದನ್ನೂ ಬಂದು ನೋಡಬೇಕು.

ಹದಿನಾರನೇ ಶತಮಾನದಲ್ಲಿ ವಿಜಯನಗರದ ಅಧೀನದಲ್ಲಿ ಮಧುರೈ ನಾಯಕರ ಆಳ್ವಿಕೆ ಶುರುವಾಯಿತು. ಅವರು ರಾಜ್ಯವನ್ನು 72 ಪಾಳೆಯಗಳಾಗಿ ಹಂಚಿದರು. ತೇವಾರಂ, ಕೋಂಬೈ, ಬೋಡಿನಾಯಕನೂರು ಇವೆಲ್ಲ ಪಾಳೆಯಪಟ್ಟುಗಳೇ. ತೆಲುಗು ಮತ್ತು ಕನ್ನಡ ಮಾತಾಡುವ ಒಕ್ಕಲು ಮಕ್ಕಳು ದನಕರುಗಳ ಸಮೇತ ದಕ್ಷಿಣಕ್ಕೆ ಬಂದು ನೆಲೆ ನಿಂತದ್ದು ಆ ಕಾಲದ ಆಸುಪಾಸಿನಲ್ಲಿ. ತುಂಗಭದ್ರೆಯ ಕಡೆಯಿಂದ ಬಂದೆವು ಎಂಬುದು ನಮ್ಮ ಹಿರಿಯರ ಹೇಳಿಕೆ. ಹೀಗೆ ಬಂದವರಲ್ಲಿ ಕಾಪ್ಪಿಲಿಯರ್ ಎಂದು ತಮಿಳಿನವರು ಕರೆಯುವ ಒಕ್ಕಲಿಗ ಗೌಡರು ಮತ್ತು ಅನುಪ್ಪರು ಮುಖ್ಯರು. ನೇಕಾರಿಕೆಯ ದೇವಾಂಗರಲ್ಲೂ ಕನ್ನಡದ ಮನೆಗಳಿವೆ. ಕಾಪ್ಪಿಲಿಯರು 'ಒಂಬತ್ತು ಕಂಬಳ'ದ ಸಮುದಾಯಗಳಲ್ಲಿ ಒಬ್ಬರು. ಕಂಬಳ ಎಂದರೆ ನಮ್ಮ ಕಂಬಳಿಯೇ. ಕುಲದ ಸಭೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಕಳಶ ಇಟ್ಟು ಕೂರುತ್ತಿದ್ದುದರಿಂದ ಆ ಹೆಸರು.

ದಿಂಡಿಗಲ್‌ಗೂ ಮೈಸೂರಿಗೂ ಇರುವ ನಂಟನ್ನು ಕರ್ನಾಟಕದವರು ಮರೆಯಬಾರದು. ಹೈದರಾಲಿ ದೊಡ್ಡ ಅಧಿಕಾರಕ್ಕೆ ಬಂದದ್ದೇ ಇಲ್ಲಿಂದ. 1755ರಲ್ಲಿ ಅವರು ದಿಂಡಿಗಲ್‌ನ ಫೌಜುದಾರರಾಗಿ ಬಂದು, ಫ್ರೆಂಚರ ನೆರವಿನಿಂದ ಫಿರಂಗಿ ಪಡೆ ಕಟ್ಟಿದರು. ಶಿವಗಂಗೆಯ ರಾಣಿ ವೇಲು ನಾಚಿಯಾರ್ ರಾಜ್ಯ ಕಳೆದುಕೊಂಡಾಗ ಆಶ್ರಯ ಸಿಕ್ಕಿದ್ದು ಈ ದಿಂಡಿಗಲ್ ಸೀಮೆಯಲ್ಲಿ, ಹೈದರಾಲಿಯ ಬೆಂಬಲದಿಂದ. 1790ರಲ್ಲಿ ಇಂಗ್ಲಿಷರು ಕೋಟೆ ಹಿಡಿದರು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ದಿಂಡಿಗಲ್ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಮೈಸೂರಿನ ಆಡಳಿತ ಹೋಯಿತು, ಮನೆಯೊಳಗಿನ ಕನ್ನಡ ಮಾತ್ರ ಉಳಿಯಿತು.

ಹವಾಮಾನ ಮತ್ತು ನೀರು

ಕರ್ನಾಟಕದವರಿಗೆ ಮುಂಗಾರೇ ಮಳೆಗಾಲ. ನಮಗೆ ಹಾಗಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡಗಳು ಘಟ್ಟದ ಆಚೆ ಕೇರಳದಲ್ಲೇ ಸುರಿದು ಮುಗಿಯುತ್ತವೆ. ಈಚೆಗೆ ಬರುವುದು ಗಾಳಿ ಮತ್ತು ತುಂತುರು. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ತಮಿಳು ಗಾದೆ ನಮ್ಮ ಊರಿಗೆ ಸರಿಯಾಗಿ ಒಪ್ಪುತ್ತದೆ. ಈ ಗಾಳಿಯಿಂದಲೇ ತೇವಾರಂ ಸುತ್ತ ಗಾಳಿಯಂತ್ರಗಳು ನಿಂತಿವೆ. ನಮ್ಮ ನಿಜವಾದ ಮಳೆ ಹಿಂಗಾರು, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆದರೆ ಕಂಬಂನಿಂದ ಘಟ್ಟ ಹತ್ತಿ ಕುಮಳಿಗೆ ಹೋದರೆ ಸುಮಾರು 900 ಮೀಟರ್ ಎತ್ತರ, ಅಲ್ಲಿ ಸಂಜೆ ಶಾಲು ಬೇಕಾಗುತ್ತದೆ.

ಮಳೆ ಕಡಿಮೆ ಇದ್ದರೂ ಕಣಿವೆ ಹಸಿರಾಗಿರುವುದು ಮುಲ್ಲಪೆರಿಯಾರ್ ನೀರಿನಿಂದ. ಪೆರಿಯಾರ್ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುವ ನದಿ. 1876-78ರ ಭೀಕರ ಬರದ ನಂತರ ಅದನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗೆ ವೇಗ ಬಂತು. 1886ರಲ್ಲಿ ತಿರುವಾಂಕೂರು ಸಂಸ್ಥಾನದೊಡನೆ 999 ವರ್ಷಗಳ ಕರಾರು ಆಯಿತು. ಕರ್ನಲ್ ಜಾನ್ ಪೆನ್ನಿಕ್ವಿಕ್ ಅವರ ಮುಂದಾಳತ್ವದಲ್ಲಿ ಅಣೆಕಟ್ಟು 1895ರಲ್ಲಿ ಮುಗಿಯಿತು. ಬೆಟ್ಟ ಕೊರೆದ ಸುರಂಗದಲ್ಲಿ ನೀರು ಗೂಡಲೂರಿನ ಕಡೆಗೆ ಇಳಿದು, ಕಣಿವೆ ದಾಟಿ, 1959ರಲ್ಲಿ ಶುರುವಾದ ವೈಗೈ ಅಣೆಕಟ್ಟಿಗೆ ಸೇರುತ್ತದೆ. ಕಣಿವೆಯಲ್ಲಿ 14,707 ಎಕರೆ ಗದ್ದೆಗೆ ಎರಡು ಬೆಳೆ ಭತ್ತ ಸಿಗುವುದು ಈ ನೀರಿನಿಂದಲೇ. ಅಣೆಕಟ್ಟಿನ ಭದ್ರತೆಯ ಬಗ್ಗೆ ಕೇರಳಕ್ಕೂ ತಮಿಳುನಾಡಿಗೂ ಇರುವ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ 142 ಅಡಿವರೆಗೆ ನೀರು ನಿಲ್ಲಿಸಲು ಒಪ್ಪಿತು. ಕಾವೇರಿ ವಿಷಯ ತಿಳಿದ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆನ್ನಿಕ್ವಿಕ್ ಅವರ ಹುಟ್ಟುಹಬ್ಬ ಜನವರಿ 15, ಪೊಂಗಲ್ ಸಮಯ. ಅಂದು ಅವರ ಹೆಸರಿನಲ್ಲಿ ಪೊಂಗಲ್ ಇಡುವ ಊರುಗಳು ಇಲ್ಲಿವೆ.

ಮುಖ್ಯ ಊರುಗಳು

ದಿಂಡಿಗಲ್: ಬಂಡೆಯ ಮೇಲಿನ ಕೋಟೆ, ಕೈಯಲ್ಲಿ ಮಾಡಿದ ಬೀಗ, ಬಿರಿಯಾನಿ. ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ತೇನಿ: ಜಿಲ್ಲಾ ಕೇಂದ್ರ, ದೊಡ್ಡ ಸಂತೆ ಮತ್ತು ವ್ಯಾಪಾರದ ಊರು. ಹತ್ತಿರದ ವೀರಪಾಂಡಿಯಲ್ಲಿ ಚಿತ್ತಿರೈ ತಿಂಗಳಲ್ಲಿ ಗೌಮಾರಿಯಮ್ಮನ ಜಾತ್ರೆ.

ಬೋಡಿನಾಯಕನೂರು: ಏಲಕ್ಕಿಯ ಊರು. ಇಡುಕ್ಕಿಯ ತೋಟಗಳ ಏಲಕ್ಕಿ ಇಲ್ಲಿ ಹರಾಜಾಗುತ್ತದೆ. ಬೋಡಿಮೆಟ್ಟು ಘಟ್ಟ ಹತ್ತಿದರೆ ಮುನ್ನಾರ್ ದಾರಿ.

ತೇವಾರಂ: ನಮ್ಮ ಊರು. ಘಟ್ಟ ಕಣ್ಣೆದುರೇ ಇದ್ದರೂ ವಾಹನದ ದಾರಿ ಇಲ್ಲ. ಸಾಕ್ಕುಲೂತ್ತು ಮೆಟ್ಟಿನ ಮೂಲಕ ಕೇರಳಕ್ಕೆ ರಸ್ತೆ ಬೇಕೆಂಬುದು ಜನರ ಹಳೆಯ ಬೇಡಿಕೆ. ತೋಟದ ಕೆಲಸಕ್ಕೆ ಹೋಗುವವರು ಸುತ್ತು ಹಾಕಿಯೇ ಹೋಗಬೇಕು. ನ್ಯೂಟ್ರಿನೊ ಸಂಶೋಧನಾಲಯಕ್ಕೆಂದು ಗುರುತಿಸಿ, ವಿರೋಧದಿಂದ ನಿಂತ ಪೊಟ್ಟಿಪುರವೂ ನಮ್ಮ ನೆರೆಯದೇ. ಪಕ್ಕದ ಪಣ್ಣೈಪುರ ಇಳಯರಾಜಾ ಹುಟ್ಟಿದ ಊರು. 'ಗೀತಾ', 'ನಮ್ಮೂರ ಮಂದಾರ ಹೂವೇ' ಚಿತ್ರಗಳ ಹಾಡು ಕೇಳಿದವರಿಗೆ ಅವರು ಹೊರಗಿನವರಲ್ಲ.

ಕೋಂಬೈ: ಕೆಂಪು ಮೈ, ಕಪ್ಪು ಮೂತಿಯ ಬೇಟೆನಾಯಿಗೆ ಹೆಸರಾದ ಹಳೆಯ ಪಾಳೆಯ.

ಕಂಬಂ: ದ್ರಾಕ್ಷಿಯ ಊರು. ವರ್ಷಪೂರ್ತಿ ಕೊಯ್ಲು ಇರುತ್ತದೆ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸುರುಳಿ ಜಲಪಾತ ಹತ್ತಿರವೇ ಇದೆ.

ದೇವರ ಆವು

ಕಂಬಂಗೆ ಬಂದವರು ನಂದಗೋಪಾಲಸ್ವಾಮಿಯ ದನದ ದೊಡ್ಡಿ ನೋಡದೆ ಹೋಗಬಾರದು. ತಮಿಳಿನಲ್ಲಿ ಇದಕ್ಕೆ 'ತಂಬಿರಾನ್ ಮಾಡು' ಎನ್ನುತ್ತಾರೆ. ನಮ್ಮವರ ಮಾತಿನಲ್ಲಿ 'ದೇವರು ಆವು'. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಎರಡು ಹೆಸರನ್ನೂ ಬರೆದಿದ್ದಾರೆ. ಈ ಹಸುಗಳ ಹಾಲು ಕರೆಯುವುದಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಹಿಂಡಿನ ರಾಜನಾದ ಹೋರಿ 'ಪಟ್ಟದ ಆವು'. ಅದು ತೀರಿಕೊಂಡರೆ ಹೊಸ ಪಟ್ಟಕ್ಕೆ ಯಾರೂ ಮನುಷ್ಯರು ಆರಿಸುವುದಿಲ್ಲ. ಹಿಂಡಿಗೆ ಕರ್ಪೂರ, ಬಾಳೆಹಣ್ಣು, ಎಲೆ ಅಡಿಕೆ ಅರ್ಪಿಸಿ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಮೊದಲು ಹತ್ತಿರ ಬರುತ್ತದೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ ಪಟ್ಟ ಕಟ್ಟುತ್ತಾರೆ. ಮಾಟ್ಟು ಪೊಂಗಲ್ ದಿನ ಸುತ್ತಲ ಊರುಗಳ ಜನ ಬಂದು ಈ ದನಗಳಿಗೆ ಕೈ ಮುಗಿಯುತ್ತಾರೆ.

'ಆವು' ಎಂಬುದು ಹಳಗನ್ನಡದ ಮಾತು. ಕರ್ನಾಟಕದಲ್ಲಿ ಈಗ ಹಸು, ದನ, ಆಕಳು ಎನ್ನುತ್ತಾರೆ. ಶಾಲೆ, ಪುಸ್ತಕ ಯಾವುದರ ಆಸರೆಯೂ ಇಲ್ಲದೆ ಆ ಮಾತು ಇಲ್ಲಿ ಹಟ್ಟಿಯಲ್ಲಿ ಉಳಿದುಕೊಂಡಿತು. ಪಂಡಿತರಿಗೆ ನಿಘಂಟಿನಲ್ಲಿ ಸಿಗುವುದು ನಮ್ಮ ಅಜ್ಜಿಯರ ಬಾಯಲ್ಲಿತ್ತು.

ಬರುವವರಿಗೆ

ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೂಲಕ ಬಂದು ದಿಂಡಿಗಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ತೇನಿಗೆ ಬಸ್ಸು. ಮಧುರೈಗೆ ಬಂದವರಿಗೆ ರೈಲೂ ಇದೆ. 2010ರ ಕೊನೆಯಲ್ಲಿ ನಿಂತಿದ್ದ ಹಳೆಯ ಮೀಟರ್ ಗೇಜ್ ಮಾರ್ಗ ಬ್ರಾಡ್ ಗೇಜ್ ಆಗಿ, 2022ರಲ್ಲಿ ತೇನಿಗೂ 2023ರ ಜೂನ್‌ನಲ್ಲಿ ಬೋಡಿಗೂ ರೈಲು ಮತ್ತೆ ಬಂತು. ತೇವಾರಂಗೆ ತೇನಿ, ಬೋಡಿ, ಉತ್ತಮಪಾಳಯಂ ಮೂರು ಕಡೆಯಿಂದಲೂ ಬಸ್ಸುಗಳಿವೆ. ಬರಲು ಒಳ್ಳೆಯ ಕಾಲ ಜನವರಿ: ಮಳೆ ಮುಗಿದಿರುತ್ತದೆ, ಬಿಸಿಲು ಏರಿರುವುದಿಲ್ಲ, ದೊಡ್ಡಿಯಲ್ಲಿ ಹಬ್ಬ ಇರುತ್ತದೆ.

ನಮ್ಮ ಸದಸ್ಯರಿಗೆ ಒಂದು ಮಾತು

ಈ ಲೇಖನ ಇರುವ ಲಿಪಿಯನ್ನು ನಮ್ಮ ಮನೆಗಳ ಹೆಚ್ಚಿನ ಮಕ್ಕಳು ಓದಲಾರರು. ಅವರು ಕಲಿತದ್ದು ತಮಿಳು, ಇಂಗ್ಲಿಷ್. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ದೂರಿಲ್ಲ. ಆದರೆ ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗು ತಮಿಳಿನಲ್ಲಿ ಉತ್ತರ ಕೊಡುವುದು ಈಗ ಸಾಮಾನ್ಯ. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಕೇಳುವವರೂ ಇರುವುದಿಲ್ಲ.

2027ರ ಜನಗಣತಿಯಲ್ಲಿ ಮಾತೃಭಾಷೆ ಯಾವುದೆಂದು ಕೇಳುತ್ತಾರೆ. ತಮಿಳುನಾಡಿನಲ್ಲಿ ಹಿಂದಿನ ಎಣಿಕೆಯಲ್ಲಿ ಕನ್ನಡ ಎಂದು ಬರೆಸಿದವರು ಹನ್ನೆರಡು ಲಕ್ಷಕ್ಕೂ ಹೆಚ್ಚು. ಮನೆಯಲ್ಲಿ ಕನ್ನಡ ಆಡಿಯೂ, ಬರೆಯಲು ಬಾರದು ಎಂಬ ಸಂಕೋಚದಿಂದ ಬೇರೆ ಭಾಷೆ ಹೇಳಬೇಡಿ. ಓದಲು ಬಾರದಿದ್ದರೂ ಆಡುವ ಭಾಷೆ ಮಾತೃಭಾಷೆಯೇ. ಈ ಲೇಖನವನ್ನು ಮಕ್ಕಳಿಗೆ ಓದಿ ಹೇಳಿ. ಮನೆಯ ಹಿರಿಯರಿಂದ ಹಳೆಯ ಮಾತುಗಳನ್ನು ಕೇಳಿ, ತಮಿಳು ಲಿಪಿಯಲ್ಲಾದರೂ ಸರಿ, ಬರೆದು ಸಂಘಕ್ಕೆ ತಲುಪಿಸಿ. ಸಂಗ್ರಹಿಸಿ ಇಡುವ ಕೆಲಸ ನಮ್ಮದು.

ಕಾರ್ಯದರ್ಶಿ