ಸುಖಾ ಬರೆಸದ ಕಾಗದ

ಹಳೇ ಲಕೋಟೆ ಕೂಡಿಡುವವರ ನಡುವೆ ಮೊದಲ ಮಹಾಯುದ್ಧದ ಸೈನಿಕರ ಟಪಾಲಿಗೆ ಭಾರೀ ಗಿರಾಕಿ. ಅವರು ನೋಡೋದು ಮೇಲಿನ ಫೀಲ್ಡ್ ಪೋಸ್ಟಾಫೀಸಿನ ಮುದ್ರೆ, ಸೆನ್ಸಾರ್ ಮೊಹರು. ಒಳಗೆ ಕಾಗದ ಇರದಿದ್ದರೂ ನಡೀತದೆ. ಸಾಮ್ರಾಜ್ಯಕ್ಕೆ ಮಾತ್ರ ಒಳಗಿನದೇ ಬೇಕಿತ್ತು.

1914ರ ಸೆಪ್ಟೆಂಬರಿನಲ್ಲಿ ಭಾರತದ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ಇಳಿದವು. ಅವರ ಟಪಾಲು ಓದಲೆಂದೇ ಹೊವೆಲ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ಕಚೇರಿ ಎದ್ದಿತು. ಉರ್ದು, ಗುರುಮುಖಿ, ಹಿಂದಿ ಕಾಗದಗಳಿಂದ ಆಯ್ದದ್ದನ್ನು ಇಂಗ್ಲಿಷಿಗೆ ತಿರುಗಿಸಿ ವರದಿ ಕಳಿಸುತ್ತಿದ್ದರು. ಮೂಲ ಕಾಗದಗಳು ಬಹುಪಾಲು ಕಳೆದುಹೋದವು. ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದವು. 1999ರಲ್ಲಿ ಡೇವಿಡ್ ಒಮಿಸ್ಸಿ ಅವುಗಳಿಂದ ನೂರಾರು ಪತ್ರಗಳನ್ನು ಆರಿಸಿ ಪುಸ್ತಕ ಮಾಡಿದರು. ಕಳ್ಳನ ಪಟ್ಟಿಯಿಂದ ಮನೆಯ ಬದುಕು ತಿಳಿದುಕೊಂಡ ಹಾಗೆ.

ಸಿಪಾಯಿಗಳೇನು ದಡ್ಡರಲ್ಲ. ಭಾರತೀಯರನ್ನು ಕರಿಮೆಣಸು, ಬಿಳಿಯರನ್ನು ಕೆಂಪು ಮೆಣಸಿನಕಾಯಿ ಅಂತ ಬರೆದರು. ಕರಿಮೆಣಸು ತೀರುತ್ತಿದೆ ಎಂದರೆ ನಮ್ಮವರು ಸಾಯ್ತಿದ್ದಾರೆ ಅಂತ. ಸೆನ್ಸಾರಿನವರಿಗೂ ಅದು ತಿಳೀತು.

ನಮ್ಮ ತಕರಾರು ಬೇರೆ. ವರದಿಗಳಲ್ಲಿ ಬರೆದವನ ಜಾತಿ-ಮತದ ನಮೂದಿದೆ: ಸಿಖ್, ರಜಪೂತ, ಜಾಟ, ಪಠಾಣ. ಆ ಪಡೆಗಳ ಹಿಂದೆಯೇ ಹೋಗಿ ಕಕ್ಕಸು ಬಳಿದವನ ಮಾತು ಹುಡುಕಿದರೆ ಸಿಗೋದು ಅಪರೂಪ. ಅಕ್ಷರ ಬಾರದ ಸಿಪಾಯಿಗೆ ಬರೆದುಕೊಡೋ ಜೊತೆಗಾರನಿದ್ದ. ಜಾಡಮಾಲಿಯ ಪಕ್ಕ ಕೂತು ಬರೆದುಕೊಡೋರು ಯಾರು?

ಮಹಾರರಿಗಂತೂ 'ಯೋಧ ಜಾತಿ' ಅಲ್ಲ ಅಂತ 1890ರ ದಶಕದ ಮೊದಲಲ್ಲೇ ಮಿಲಿಟರಿ ಬಾಗಿಲು ಮುಚ್ಚಿತ್ತು. ಬಾಬಾಸಾಹೇಬರ ತಂದೆ ರಾಮಜಿ ಸುಬೇದಾರರು ಮಿಲಿಟರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಬಾಗಿಲು ಮುಚ್ಚಿದಾಗ ಕೋವಿಯ ಜೊತೆ ಸ್ಲೇಟೂ ಹೋಯಿತು. 1917ರಲ್ಲಿ ಆಳು ಸಾಲದೆ 111ನೇ ಮಹಾರ್ ಪಡೆ ಕಟ್ಟಿದರು, 1921ರ ಹೊತ್ತಿಗೆ ಬರಖಾಸ್ತು ಮಾಡಿದರು.

ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್‌ನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿ ಒಂದು ಕಲ್ಲಿದೆ. ಬರೇಲಿಯ ಸುಖಾ. ಗಾಯಗೊಂಡ ಭಾರತೀಯ ಸಿಪಾಯಿಗಳ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಜಾಡಮಾಲಿ. 1915ರ ಜನವರಿ 12ರಂದು ತೀರಿಕೊಂಡ, ವಯಸ್ಸು 30. ಅಸ್ಪೃಶ್ಯನೆಂದು ಹಿಂದೂಗಳು ಸುಡಲು ಒಪ್ಪಲಿಲ್ಲ, ತಮ್ಮವನಲ್ಲವೆಂದು ಮುಸ್ಲಿಮರು ಹೂಳಲು ಒಪ್ಪಲಿಲ್ಲ ಅಂತ ಹೇಳ್ತಾರೆ. ಕಡೆಗೆ ಪಾದ್ರಿ ಜಾಗ ಕೊಟ್ಟರು, ಊರವರು ಕಲ್ಲು ನಿಲ್ಲಿಸಿದರು. ಅವನ ಮೊಹಲ್ಲಾದ ಹೆಸರನ್ನೂ ಅದರ ಮೇಲೆ ಕೆತ್ತಿದ್ದಾರೆ. ಆ ವಿಳಾಸಕ್ಕೆ ಸುದ್ದಿ ಬರೆದವರು ಯಾರು, ಅಲ್ಲಿ ಅದನ್ನು ಓದಿ ಹೇಳಿದವರು ಯಾರು?