ಜಲಾಶಯಕ್ಕೆ ಮುನ್ನ ಅಗೆದ ನೆಲ: ನಾಗಾರ್ಜುನಕೊಂಡದ ಕಥೆ

ಯಾವುದೇ ದೊಡ್ಡ ಕಟ್ಟಡದ ಬುನಾದಿಗೆ ಮೊದಲು ಇಂಜಿನಿಯರುಗಳು ಅಲ್ಲಲ್ಲಿ ಪರೀಕ್ಷಾ ಗುಂಡಿಗಳನ್ನು ತೋಡಿಸಿ ಮಣ್ಣಿನ ಗುಣವನ್ನು ಅರಿಯುತ್ತಾರೆ. ಪುರಾತತ್ತ್ವಜ್ಞರ ಕ್ರಮವೂ ಹೆಚ್ಚುಕಡಿಮೆ ಇದೇ. ನಿರ್ಮಾಣಕ್ಕಾಗಿ ಗೊತ್ತುಮಾಡಿದ ಹೊಲಗದ್ದೆಗಳಲ್ಲಿ ಮೊದಲು ಉದ್ದನೆಯ ಕಿರಿದಾದ ಕಂದಕಗಳನ್ನು ತೋಡಿ, ಉಳುಮೆಯ ಮಣ್ಣಿನ ಕೆಳಗೆ ಗೋಡೆಯ ಸಾಲು, ಮಡಕೆಯ ಚೂರು, ಬೂದಿಯ ಪದರಗಳಿವೆಯೇ ಎಂದು ಪರಿಶೀಲಿಸುತ್ತಾರೆ. ಕುರುಹು ಸಿಕ್ಕಿದ ಕಡೆ ಮಾತ್ರ ವಿಸ್ತಾರವಾದ ಉತ್ಖನನ ನಡೆಯುತ್ತದೆ. ಮಣ್ಣನ್ನು ಪದರ ಪದರವಾಗಿ ತೆಗೆದು, ಯಾವ ವಸ್ತು ಯಾವ ಆಳದಲ್ಲಿತ್ತೆಂಬುದನ್ನು ದಾಖಲಿಸುತ್ತಾರೆ. ಒಮ್ಮೆ ಅಗೆದ ನೆಲವನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಆದ್ದರಿಂದ ಆ ದಾಖಲೆಯೇ ಮುಂದಿನ ತಲೆಮಾರಿಗೆ ಉಳಿಯುವ ಆಸ್ತಿ.

ಮುಳುಗಡೆಯಾಗಲಿದ್ದ ನೆಲವನ್ನು ಹೀಗೆ ಮೊದಲೇ ಶೋಧಿಸಿದ ಕಾರ್ಯಗಳಲ್ಲಿ ನಾಗಾರ್ಜುನಕೊಂಡದ ಉತ್ಖನನವು ನಮ್ಮ ದೇಶದಲ್ಲಿ ಅತ್ಯಂತ ಪ್ರಸಿದ್ಧವಾದುದು. ಆಂಧ್ರಪ್ರದೇಶದಲ್ಲಿ, ಕೃಷ್ಣಾ ನದಿಯ ಬಲದಂಡೆಯ ಮೇಲೆ, ನಲ್ಲಮಲ ಬೆಟ್ಟಗಳು ಸುತ್ತುವರಿದ ಕಣಿವೆಯಿದು. ಮೊದಲು ಗುಂಟೂರು ಜಿಲ್ಲೆಗೆ ಸೇರಿದ್ದ ಈ ಪ್ರದೇಶ 2022ರಿಂದ ಪಲ್ನಾಡು ಜಿಲ್ಲೆಯಲ್ಲಿದೆ. ಇಲ್ಲಿನ ಪ್ರಾಚೀನ ಸ್ತಂಭವೊಂದನ್ನು ಸ್ಥಳೀಯ ಶಾಲಾ ಉಪಾಧ್ಯಾಯರೊಬ್ಬರು ಗಮನಿಸಿ ಸರಕಾರಕ್ಕೆ ತಿಳಿಸಿದರು. 1926ರಲ್ಲಿ ಮದ್ರಾಸಿನ ಶಾಸನ ಇಲಾಖೆಯ ಎ. ಆರ್. ಸರಸ್ವತಿಯವರು ಬಂದು ನೋಡಿದ ಮೇಲೆ ಈ ಸ್ಥಳ ವಿದ್ವತ್‌ಲೋಕಕ್ಕೆ ಪರಿಚಯವಾಯಿತು. 1927ರಿಂದ 1931ರವರೆಗೆ ಲಾಂಗ್‌ಹರ್ಸ್ಟ್ ಅವರೂ, 1938ರಲ್ಲಿ ಟಿ. ಎನ್. ರಾಮಚಂದ್ರನ್ ಅವರೂ ಉತ್ಖನನ ನಡೆಸಿದರು. ಆದರೂ ಕಣಿವೆಯ ಬಹುಭಾಗ ಅಗೆಯದೆಯೇ ಉಳಿದಿತ್ತು.

ಅಷ್ಟರಲ್ಲಿ ಕೃಷ್ಣೆಗೆ ಅಡ್ಡಲಾಗಿ ನಾಗಾರ್ಜುನಸಾಗರ ಅಣೆಕಟ್ಟು ಕಟ್ಟುವ ಯೋಜನೆ ಸಿದ್ಧವಾಯಿತು. ಬರಪೀಡಿತ ನೆಲಕ್ಕೆ ನೀರು ದೊರೆಯುವ ಮಹತ್ಕಾರ್ಯವದು. ಆದರೆ ಅದರ ಫಲವಾಗಿ ಇಡೀ ಕಣಿವೆ ಜಲಾಶಯದ ತಳವಾಗಬೇಕಿತ್ತು. 1954ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಕಾರ್ಯ ಆರಂಭಿಸಿತು. 1955ರ ಡಿಸೆಂಬರ್ 10ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಒಂದು ಕಡೆ ಅಣೆಕಟ್ಟು ಮೇಲೇಳುತ್ತಿದ್ದರೆ ಇನ್ನೊಂದು ಕಡೆ ಕಣಿವೆಯ ನೆಲವನ್ನು ಅಗೆಯುತ್ತಿದ್ದರು. 1960ರವರೆಗೆ ನಡೆದ ಈ ಕಾರ್ಯದಲ್ಲಿ ನೂರಕ್ಕೂ ಹೆಚ್ಚು ನೆಲೆಗಳು ಬೆಳಕಿಗೆ ಬಂದವು.

ಶಿಲಾಯುಗದ ಆಯುಧಗಳಿಂದ ಹಿಡಿದು ಮಧ್ಯಯುಗದ ಅವಶೇಷಗಳವರೆಗೆ ಎಲ್ಲವೂ ಆ ಒಂದೇ ಕಣಿವೆಯಲ್ಲಿದ್ದವು. ಮುಖ್ಯವಾಗಿ ಕ್ರಿ.ಶ. 3 ಮತ್ತು 4ನೆಯ ಶತಮಾನಗಳಲ್ಲಿ ಆಳಿದ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಪ್ರಕಟವಾಯಿತು. ಮೂವತ್ತಕ್ಕೂ ಹೆಚ್ಚು ಬೌದ್ಧ ನೆಲೆಗಳ ಜೊತೆಗೆ ವೈದಿಕ ಪರಂಪರೆಯ ದೇವಾಲಯಗಳು, ನದಿಯ ಸ್ನಾನಘಟ್ಟ, ಮೆಟ್ಟಿಲಾಸನಗಳುಳ್ಳ ರಂಗಸ್ಥಳ ಇವೆಲ್ಲ ಕಂಡುಬಂದವು. ಈ ವಂಶದ ವಾಸಿಷ್ಠೀಪುತ್ರ ಚಾಂತಮೂಲನು ಅಶ್ವಮೇಧ ಮಾಡಿದನೆಂದು ಶಾಸನಗಳು ಹೇಳುತ್ತವೆ. ಆ ಯಾಗದ ಅವಭೃಥ ಸ್ನಾನದ ಕೊಳವೆಂದು ವಿದ್ವಾಂಸರು ಗುರುತಿಸಿದ ಮೆಟ್ಟಿಲುಗಳ ಕೊಳವೊಂದೂ ದೊರೆಯಿತು.

ವೈಷ್ಣವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಅಷ್ಟಭುಜಸ್ವಾಮಿಯ ಆಲಯ. ಆಭೀರ ರಾಜ ವಸುಷೇಣನ 30ನೆಯ ವರ್ಷದ ಶಾಸನವು ಸೇಟಗಿರಿ ಎಂಬ ಬೆಟ್ಟದಲ್ಲಿ ಅಷ್ಟಭುಜಸ್ವಾಮಿಯ ಮರದ ಮೂರ್ತಿಯನ್ನು ಪ್ರತಿಷ್ಠಾಪಿಸಿದ ವಿಷಯವನ್ನು ತಿಳಿಸುತ್ತದೆ. ಇದರ ಕಾಲವನ್ನು ಕ್ರಿ.ಶ. 278 ಎಂದು ವಿದ್ವಾಂಸರು ಎಣಿಸಿದ್ದಾರೆ. ಸ್ವಾಮಿಯ ಹೆಸರನ್ನು ಕೊರೆದ ಶಂಖವೂ ಅಲ್ಲಿ ಸಿಕ್ಕಿತು. ದಕ್ಷಿಣ ಭಾರತದಲ್ಲಿ ವಿಷ್ಣುವಿನ ಆಲಯಾರಾಧನೆಗೆ ದೊರೆತ ಅತಿ ಪ್ರಾಚೀನ ಆಧಾರಗಳಲ್ಲಿ ಇದೂ ಒಂದು. ಮರದ ಮೂರ್ತಿ ಎಂದೋ ಮಣ್ಣಾಯಿತು. ಅದರ ನೆನಪನ್ನು ಉಳಿಸಿದ್ದು ಕಲ್ಲಿನ ಮೇಲಿನ ಕೆಲವೇ ಸಾಲುಗಳು.

ಕನ್ನಡಿಗರಿಗೂ ಇಲ್ಲಿ ಸಂಬಂಧವುಂಟು. ಇದೇ ಶಾಸನದಲ್ಲಿ ಅವಂತಿಯ ಶಕ ರುದ್ರದಾಮನೊಂದಿಗೆ ವನವಾಸಿಯ, ಅಂದರೆ ನಮ್ಮ ಬನವಾಸಿಯ, ಸಾತಕರ್ಣಿಯೊಬ್ಬನ ಹೆಸರೂ ಇದೆ. ಇಕ್ಷ್ವಾಕು ರಾಜ ವೀರಪುರುಷದತ್ತನ ಮಗಳು ಕೊಡಬಲಿಸಿರಿಯು ಬನವಾಸಿಯ ಮಹಾರಾಜನಿಗೆ ರಾಣಿಯಾಗಿದ್ದಳೆಂದು ಇಲ್ಲಿಯ ಮತ್ತೊಂದು ಶಾಸನ ತಿಳಿಸುತ್ತದೆ. ವರದಾ ತೀರದ ಅರಮನೆಗೂ ಕೃಷ್ಣಾ ತೀರದ ಅರಮನೆಗೂ ಇದ್ದ ಬೀಗತನ ಹೀಗೆ ನಮಗೆ ತಿಳಿದುಬಂದಿದೆ.

ಮುಳುಗುವ ಮುನ್ನ ಒಂಬತ್ತು ಕಟ್ಟಡಗಳನ್ನು ನಾಗಾರ್ಜುನಕೊಂಡದ ನೆತ್ತಿಯ ಮೇಲೆ ಪುನರ್ನಿರ್ಮಿಸಲಾಯಿತು. ರಂಗಸ್ಥಳವೂ ಇನ್ನು ಕೆಲವು ಅವಶೇಷಗಳೂ ಅನುಪು ಎಂಬಲ್ಲಿಗೆ ಸ್ಥಳಾಂತರಗೊಂಡವು. 1967ರ ಆಗಸ್ಟ್ 4ರಂದು ಪ್ರಧಾನಿ ಇಂದಿರಾ ಗಾಂಧಿಯವರು ಕಾಲುವೆಗಳಿಗೆ ನೀರು ಬಿಟ್ಟರು. ಬೆಟ್ಟದ ನೆತ್ತಿ ಈಗ ದ್ವೀಪವಾಗಿದೆ. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಯಾತ್ರಿಕರು ದೋಣಿಯಲ್ಲಿ ಹೋಗುತ್ತಾರೆ.

ಕಲ್ಲನ್ನು ಸಾಗಿಸಬಹುದು, ಸ್ಥಳವನ್ನು ಸಾಗಿಸಲಾಗದು. ಯಾವ ಗುಡಿ ಯಾವ ಘಟ್ಟಕ್ಕೆ ಎದುರಾಗಿತ್ತು, ಯಾವ ದಾರಿ ಯಾವ ಬಾಗಿಲಿಗೆ ಸೇರುತ್ತಿತ್ತು ಎಂಬುದು ಇಂದು ನಕ್ಷೆಗಳಲ್ಲಿ ಮಾತ್ರ ಉಳಿದಿದೆ. ಆದರೆ ಆ ಆರು ವರ್ಷಗಳ ಪರಿಶ್ರಮವಿಲ್ಲದಿದ್ದರೆ ನಕ್ಷೆಯೂ ಉಳಿಯುತ್ತಿರಲಿಲ್ಲ, ಅಷ್ಟಭುಜಸ್ವಾಮಿಯ ಹೆಸರೂ ನೀರಿನಡಿಯಲ್ಲಿಯೇ ಉಳಿಯುತ್ತಿತ್ತು. ಅಣೆಕಟ್ಟು ಬೇಕು, ರಸ್ತೆ ಬೇಕು, ರೈಲುಮಾರ್ಗವೂ ಬೇಕು. ಅವುಗಳಿಗೆ ಮುನ್ನ ನೆಲವನ್ನೊಮ್ಮೆ ತೆರೆದು ನೋಡುವ ವ್ಯವಧಾನವೂ ಬೇಕು. ಪೂರ್ವಿಕರ ಋಣವನ್ನು ತೀರಿಸುವ ಮಾರ್ಗಗಳಲ್ಲಿ ಅದೂ ಒಂದು.